ಜಲಗರ್ಭದ ಕಾಳಗ

ಒಳ್ಳೆಯ ಕಾವ್ಯವನ್ನು ಎರಡನೆಯ ಸಲ ಓದುವಾಗ ಕಥೆಯ ಕುತೂಹಲವು ಹಿಂದೆ ಸರಿದು ಕವಿಯ ಮನಸ್ಸು ಕಾಣತೊಡಗುವುದೆಂದು ಹಿರಿಯರು ಹೇಳುವುದುಂಟು. ಚಲಚ್ಚಿತ್ರಕ್ಕೂ ಈ ಮಾತು ಸಲ್ಲುವುದು. ಚಿತ್ರಮಂದಿರದ ಕತ್ತಲಲ್ಲಿ, ನೂರಾರು ಜನರ ಚಪ್ಪಾಳೆಯ ನಡುವೆ, ಕಿವಿಗಡಚಿಕ್ಕುವ ಶಬ್ದದಲ್ಲಿ ನೋಡಿದ ಚಿತ್ರವು ನಮ್ಮನ್ನು ಪ್ರವಾಹದಂತೆ ಎಳೆದುಕೊಂಡು ಹೋಗುವುದೇ ಹೊರತು ವಿಚಾರಮಾಡಲು ಬಿಡುವು ಕೊಡದು. ಅದೇ ಚಿತ್ರವನ್ನು ಕೆಲವು ವರ್ಷಗಳಾದ ಮೇಲೆ ಮನೆಯ ಪಡಸಾಲೆಯಲ್ಲಿ ವಿಡಿಯೋ ರೂಪದಲ್ಲಿ ಹಾಕಿಕೊಂಡು, ಬೇಕಾದಲ್ಲಿ ನಿಲ್ಲಿಸಿ, ಬೇಕಾದಲ್ಲಿ ಹಿಂದಕ್ಕೆ ತಿರುಗಿಸಿ, ನಡುವೆ ಒಂದು ಲೋಟ ಕಾಫಿ ಕುಡಿದು ನೋಡಿದರೆ, ಮೊದಲು ಕಾಣದಿದ್ದುದು ಎಷ್ಟೋ ಕಾಣುವುದು. ಜಯವಾಯಿತೋ ಅಪಜಯವಾಯಿತೋ ಎಂಬ ಆತಂಕವು ಹೋದಮೇಲೆ, ಯಾರಿಗೆ ಜಯ, ಯಾವ ಬೆಲೆಗೆ ಜಯ ಎಂಬ ಪ್ರಶ್ನೆ ತಾನಾಗಿಯೇ ಮುಂದೆ ಬಂದು ನಿಲ್ಲುವುದು.

ಹೀಗೆ ಮತ್ತೊಮ್ಮೆ ನೋಡಲು ತಕ್ಕ ಚಿತ್ರಗಳಲ್ಲಿ ‘ಗಾಜಿ’ ಒಂದು. 2017ನೆಯ ಇಸವಿ ಫೆಬ್ರುವರಿ 17ರಂದು ತೆಲುಗಿನಲ್ಲಿಯೂ ಹಿಂದಿಯಲ್ಲಿಯೂ ಏಕಕಾಲಕ್ಕೆ ಇದು ಬಿಡುಗಡೆಯಾಯಿತು. ನಿರ್ದೇಶಕರು ಸಂಕಲ್ಪ್ ರೆಡ್ಡಿ ಎಂಬ ತರುಣರು. ಅವರಿಗೆ ಇದು ಮೊದಲ ಚಿತ್ರ. ಕೆ. ಕೆ. ಮೆನನ್, ರಾಣಾ ದಗ್ಗುಬಾಟಿ, ಅತುಲ್ ಕುಲಕರ್ಣಿ ಇವರು ಮುಖ್ಯ ಪಾತ್ರಧಾರಿಗಳು. ಇವರಲ್ಲಿ ಕುಲಕರ್ಣಿಯವರು ನಮ್ಮ ಬೆಳಗಾವಿಯಲ್ಲಿ ಹುಟ್ಟಿದವರು. ಕನ್ನಡದ ‘ಆ ದಿನಗಳು’ ಚಿತ್ರದಲ್ಲಿಯೂ ನಟಿಸಿದವರು. ತೆಲುಗಿನ ಅತ್ಯುತ್ತಮ ಚಿತ್ರವೆಂದು ‘ಗಾಜಿ’ಗೆ ರಾಷ್ಟ್ರಪ್ರಶಸ್ತಿಯೂ ಲಭಿಸಿತು. ದೊಡ್ಡಬಳ್ಳಾಪುರದ ಸೀಮೆಯವರಾದ ನಮಗೆ ತೆಲುಗು ಅಪರಿಚಿತ ಭಾಷೆಯಲ್ಲ. ಹಿಂದೂಪುರದ ದಾರಿ ನಮ್ಮ ಊರ ಮುಂದೆಯೇ ಹಾದುಹೋಗುವುದು. ಆದಕಾರಣ ಈ ಚಿತ್ರವನ್ನು ನಮ್ಮ ಕಡೆಯ ಮನೆಗಳಲ್ಲಿ ಮುದುಕರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡುವುದಕ್ಕೆ ಅಡ್ಡಿಯಿಲ್ಲ.

ಸಮುದ್ರವನ್ನೇ ಕಾಣದ ಬಯಲುಸೀಮೆಯ ಗೃಹಸ್ಥರಿಗೆ ಜಲಾಂತರ್ಗಾಮಿಯ ಕಥೆ ಏಕೆ ಎಂದು ಯಾರಾದರೂ ಕೇಳಬಹುದು. ನಮಗೆ ನೀರೆಂದರೆ ಕೆರೆಯ ನೀರು. ನಮ್ಮ ನಾಗರಕೆರೆಯೇ ನಮಗೆ ಸಾಗರ. ಆದರೆ ನೀರೊಳಗೆ ಅಡಗಿದ ವೀರನ ಕಥೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ರನ್ನನ ಗದಾಯುದ್ಧವನ್ನು ಓದಿದವರೆಲ್ಲ ಬಲ್ಲರು: ಬಂಧುಗಳನ್ನೂ ಸೇನೆಯನ್ನೂ ಕಳೆದುಕೊಂಡ ದುರ್ಯೋಧನನು ಮಂತ್ರಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದನು, ಮೇಲೆ ದಡದಲ್ಲಿ ನಿಂತ ಭೀಮನ ಗರ್ಜನೆ ಕೇಳಿ ಆ ತಣ್ಣೀರಿನಲ್ಲಿಯೂ ಅವನಿಗೆ ಬೆವರು ಒಡೆಯಿತು. ಕವಿಯ ಈ ಕಲ್ಪನೆಯನ್ನು ಅತಿಶಯೋಕ್ತಿಯೆಂದು ತಿಳಿದವರು ‘ಗಾಜಿ’ಯನ್ನು ನೋಡಬೇಕು. ಸಮುದ್ರದ ತಳದಲ್ಲಿ, ಉಕ್ಕಿನ ಕೊಳವೆಯೊಳಗೆ, ಮೇಲೆ ಹಾದುಹೋಗುವ ಶತ್ರುವಿನ ಸದ್ದನ್ನು ಆಲಿಸುತ್ತ ನಿಂತ ನಾವಿಕರ ಹಣೆಯ ಮೇಲೆ ಬೆವರ ಹನಿ ಸಾಲುಗಟ್ಟಿರುವುದನ್ನು ಕಂಡರೆ, ಸಾವಿರ ವರ್ಷದ ಹಿಂದಣ ಕವಿಯು ಕಂಡದ್ದು ಎಷ್ಟು ಸತ್ಯವೆಂಬುದು ಅರಿವಾಗುವುದು.

ಚಿತ್ರವನ್ನು ಮಕ್ಕಳೊಡನೆ ನೋಡುವ ಹಿರಿಯರು ಜಲಾಂತರ್ಗಾಮಿಯ ತತ್ತ್ವವನ್ನು ಮೊದಲು ವಿವರಿಸಿದರೆ ಒಳ್ಳೆಯದು. ಖಾಲಿ ಚೊಂಬನ್ನು ತೊಟ್ಟಿಯ ನೀರಿನಲ್ಲಿ ಬಿಟ್ಟರೆ ತೇಲುವುದು; ಬಾಗಿಸಿ ನೀರು ತುಂಬಿಸಿದರೆ ಮುಳುಗುವುದು. ಜಲಾಂತರ್ಗಾಮಿಯ ಪಕ್ಕಗಳಲ್ಲಿ ಇಂತಹ ತೊಟ್ಟಿಗಳಿರುವುವು. ಅವುಗಳಿಗೆ ಕಡಲ ನೀರನ್ನು ಬಿಟ್ಟರೆ ಹಡಗು ಕೆಳಗಿಳಿಯುವುದು. ಒತ್ತಿ ಇಟ್ಟ ಗಾಳಿಯಿಂದ ಆ ನೀರನ್ನು ಹೊರಕ್ಕೆ ದೂಡಿದರೆ ಮೇಲೇಳುವುದು. ಆದರೆ ಇಳಿದಷ್ಟೂ ಅಪಾಯ. ಪ್ರತಿ 10 ಮೀಟರ್ ಆಳಕ್ಕೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನ ಭಾರ ಹೆಚ್ಚುವುದು. 100 ಮೀಟರ್ ಆಳದಲ್ಲಿ ಅಂಗೈಯಗಲದ ಜಾಗವೊಂದರ ಮೇಲೆ ಸುಮಾರು ಹತ್ತು ಕ್ವಿಂಟಾಲ್ ರಾಗಿಯ ಮೂಟೆಗಳನ್ನು ಪೇರಿಸಿದಷ್ಟು ಒತ್ತಡವೆಂದು ಲೆಕ್ಕ ಹಾಕಿಕೊಳ್ಳಬಹುದು. ಚಿತ್ರದಲ್ಲಿ ಗೋಡೆಗಳು ಕಿರ್ರೆಂದು ನರಳುವುದು ಈ ಕಾರಣದಿಂದಲೇ. ಇನ್ನು ಆ ಕಾಲದ ಹಡಗುಗಳಿಗೆ ನೀರಿನ ಮೇಲಿದ್ದಾಗ ಡೀಸೆಲ್ ಯಂತ್ರ, ನೀರೊಳಗಿದ್ದಾಗ ಬ್ಯಾಟರಿ. ಬ್ಯಾಟರಿ ಬರಿದಾದರೆ ಮೇಲೆ ಬರಲೇಬೇಕು. ಮೇಲೆ ಬಂದರೆ ಶತ್ರುವಿನ ಕಣ್ಣಿಗೆ ಬೀಳಬೇಕು. ಉಸಿರಾಡುವ ಗಾಳಿಗೂ ಇದೇ ಗತಿ.

ನೀರೊಳಗೆ ಕಣ್ಣು ನಿಷ್ಪ್ರಯೋಜಕ. ಪೆರಿಸ್ಕೋಪ್ ಎಂಬ ದರ್ಶಕವು ಮೇಲ್ಮಟ್ಟದ ಹತ್ತಿರ ಮಾತ್ರ ಉಪಯೋಗಕ್ಕೆ ಬರುವುದು. ಆಳಕ್ಕೆ ಇಳಿದಮೇಲೆ ಸೋನಾರ್ ಎಂಬ ಯಂತ್ರದ ಮುಂದೆ ಕುಳಿತವನ ಕಿವಿಯೇ ಎಲ್ಲರ ಪ್ರಾಣ. ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಹೇಳುವರಷ್ಟೆ. ಅಲ್ಲಿ ಶಬ್ದವೆಂದರೆ ಆಪ್ತರ ವಾಕ್ಯ. ಇಲ್ಲಿಯಾದರೋ ಶಬ್ದವೆಂದರೆ ಬರಿಯ ಸದ್ದೇ! ಆ ಸದ್ದಿನಿಂದಲೇ ಶತ್ರುವಿನ ದಿಕ್ಕು, ದೂರ, ವೇಗ ಎಲ್ಲವನ್ನೂ ಊಹಿಸಬೇಕು. ಆದ್ದರಿಂದಲೇ ಈ ಚಿತ್ರದ ಬಹು ಒಳ್ಳೆಯ ಘಟ್ಟಗಳು ಮೌನದ ಘಟ್ಟಗಳು. ಹಗಲೆಲ್ಲ ಮಗ್ಗಗಳ ಸದ್ದು ಕೇಳುವ ನಮ್ಮಂಥ ಊರಿನಲ್ಲಿ, ರಾತ್ರಿ ಮಗ್ಗಗಳು ನಿಂತಮೇಲೆ ಇದನ್ನು ನೋಡಿದರೆ ಆ ಮೌನದ ಬೆಲೆ ತಿಳಿಯುವುದು. ಒಂದು ಸಣ್ಣ ಮೊಳೆ ಕೆಳಗೆ ಬಿದ್ದರೂ ಸಾವು ಬರಬಹುದಾದ ಸ್ಥಳವದು.

ಕಥೆ ಸಂಗ್ರಹವಾಗಿ ಇಷ್ಟು: 1971ರಲ್ಲಿ ಪೂರ್ವಬಂಗಾಳದ ಜನರು ಸಂಕಟದಲ್ಲಿದ್ದಾಗ, ‘ಗಾಜಿ’ ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯು ವಿಶಾಖಪಟ್ಟಣದ ಕಡೆಗೆ ಬರುತ್ತಿರುವ ಸುಳಿವು ಸಿಕ್ಕುವುದು. ಅದನ್ನು ಹುಡುಕಲು ಎಸ್-21 ಎಂಬ ಭಾರತೀಯ ಜಲಾಂತರ್ಗಾಮಿಯನ್ನು ಗುಟ್ಟಾಗಿ ಕಳುಹುವರು. ಅದರ ನಾಯಕ ರಣವಿಜಯಸಿಂಹನು ಮಗನನ್ನು ಕಳೆದುಕೊಂಡ ತಂದೆ, ಕೋಪಿಷ್ಠ. ಯುದ್ಧ ಘೋಷಣೆಯಾಗುವ ಮೊದಲೇ ಹೊಡೆಯಬೇಕೆನ್ನುವನು. ಅವನ ಕೈಕೆಳಗಿನ ಅರ್ಜುನವರ್ಮನು ಆಜ್ಞೆ ಬಾರದೆ ಹೊಡೆಯಲಾಗದೆನ್ನುವನು. ಇವರಿಬ್ಬರ ನಡುವೆ ದೇವರಾಜನೆಂಬ ಅಧಿಕಾರಿಯು ತಾಳ್ಮೆಯಿಂದ ನಿಂತಿರುವನು. ನಾಯಕನು ಮಡಿದಮೇಲೆ ಭಾರವೆಲ್ಲ ಅರ್ಜುನನ ಹೆಗಲಿಗೆ ಬೀಳುವುದು. ಹಡಗು ಜಖಂಗೊಂಡು ಅತ್ತಿತ್ತ ತಿರುಗಲಾರದ ಸ್ಥಿತಿಯಲ್ಲಿ, ನಾವಿಕರು ರಾಷ್ಟ್ರಗೀತೆಯನ್ನು ಹಾಡಿ, ಆ ಸದ್ದಿನಿಂದ ವೈರಿಯನ್ನು ಕೆರಳಿಸಿ, ತಮ್ಮ ಗುರಿಯ ನೇರಕ್ಕೆ ಬರಮಾಡಿಕೊಳ್ಳುವರು. ಕಡೆಗೆ ಗಾಜಿಯು ಟಾರ್ಪೆಡೋ ಏಟಿಗೆ ಸಿಕ್ಕಿ ನಾಶವಾಗುವುದು.

ಮೊದಲ ಸಲ ನೋಡಿದಾಗ ಈ ಕೊನೆಯ ಘಟ್ಟದಲ್ಲಿ ಮೈ ಜುಮ್ಮೆನ್ನದವರಿಲ್ಲ. ಎರಡನೆಯ ಸಲ ನೋಡುವಾಗ ಮನಸ್ಸು ಹಿಡಿಯುವುದು ಮತ್ತೊಂದನ್ನು. ಆಜ್ಞೆಗೆ ಕಾಯಬೇಕೆ, ಧರ್ಮಸಂಕಟದಲ್ಲಿ ಸ್ವಂತ ವಿವೇಚನೆಯಿಂದ ನಡೆಯಬೇಕೆ ಎಂಬ ಇಬ್ಬರು ಅಧಿಕಾರಿಗಳ ವಾದವೇ ಈ ಚಿತ್ರದ ನಿಜವಾದ ಕಾಳಗ. ರಣವಿಜಯನು ಶೂರನಾದರೂ ಅವನ ಶೌರ್ಯದಲ್ಲಿ ಪುತ್ರಶೋಕದ ವಿಷ ಬೆರೆತಿದೆ. ಅರ್ಜುನನು ಹೆಸರಿಗೆ ತಕ್ಕಂತೆ ಮೊದಲು ಹಿಂಜರಿಯುವನು, ಆಮೇಲೆ ಬಿಲ್ಲು ಹಿಡಿಯುವನು. ಹಿಂಜರಿಕೆಯೂ ಒಂದು ಬಗೆಯ ಧೈರ್ಯವೆಂಬುದನ್ನು ಮನೆಯಲ್ಲಿ ಸಾವಧಾನವಾಗಿ ನೋಡಿದವರು ಮಾತ್ರ ಕಾಣಬಲ್ಲರು.

ಚಿತ್ರ ಮುಗಿದ ಕೂಡಲೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಇದು ನಿಜವಾಗಿ ನಡೆಯಿತೆ?” ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವುದು ಹಿರಿಯರ ಕರ್ತವ್ಯ. ಶಾಲೆಯ ಪುಸ್ತಕದಲ್ಲಿ ಈ ಸಂಗತಿಗೆ ಒಂದು ಸಾಲಿನ ಸ್ಥಳವೂ ದೊರೆಯುವುದು ಅಪರೂಪ. ಚಿತ್ರವೇ ಚರಿತ್ರೆಯೆಂದು ಮಕ್ಕಳು ನಂಬಿಬಿಡುವರು. ಆದಕಾರಣ ಇದ್ದುದನ್ನು ಇದ್ದಹಾಗೆ ಹೇಳತಕ್ಕದ್ದು.

ಗಾಜಿ ಎಂಬ ಜಲಾಂತರ್ಗಾಮಿಯು ಇದ್ದುದು ನಿಜ. ಅದು ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944ರ ಡಿಸೆಂಬರಿನಲ್ಲಿ ನೀರಿಗಿಳಿದ ‘ಡಯಾಬ್ಲೊ’ ಎಂಬ ಹಡಗು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಪಿಶಾಚನೆಂದು ಅರ್ಥ. 1945ರ ಆಗಸ್ಟಿನಲ್ಲಿ ಅದು ಮೊದಲ ಸಮರಯಾತ್ರೆಗೆ ಹೊರಟು ದಾರಿಯಲ್ಲಿರುವಾಗಲೇ ಯುದ್ಧ ನಿಂತಿತು. 1964ರಲ್ಲಿ ಅಮೆರಿಕದವರು ಅದನ್ನು ಪಾಕಿಸ್ತಾನಕ್ಕೆ ಕೊಟ್ಟರು. ಆಗ ‘ಗಾಜಿ’ ಎಂಬ ಹೆಸರಾಯಿತು. ಅದೇ ಪಾಕಿಸ್ತಾನದ ಮೊದಲ ಜಲಾಂತರ್ಗಾಮಿ. 1971ರ ನವೆಂಬರ್ 14ರಂದು ಅದು ಕರಾಚಿಯಿಂದ ಹೊರಟು, ನಮ್ಮ ದಕ್ಷಿಣದ ತುದಿಯನ್ನು ಸುತ್ತಿಕೊಂಡು, ಬಂಗಾಳಕೊಲ್ಲಿಯನ್ನು ಹೊಕ್ಕಿತು. ಅಷ್ಟು ದೂರ ಹೋಗಿ ಕಾದು ನಿಲ್ಲಬಲ್ಲ ಜಲಾಂತರ್ಗಾಮಿಯು ಆ ದೇಶದಲ್ಲಿ ಆಗ ಅದೊಂದೇ. ನಮ್ಮ ವಿಮಾನವಾಹಕ ಹಡಗು ‘ವಿಕ್ರಾಂತ’ವನ್ನು ಮುಳುಗಿಸುವುದೂ ವಿಶಾಖಪಟ್ಟಣದ ಮುಂದೆ ಸಿಡಿಗುಂಡುಗಳನ್ನು ಹುದುಗಿಸುವುದೂ ಅದರ ಉದ್ದೇಶ.

ವಿಕ್ರಾಂತವಾದರೋ ಅಲ್ಲಿರಲಿಲ್ಲ, ಅದನ್ನು ಅಂಡಮಾನಿನ ಕಡೆ ಬಚ್ಚಿಟ್ಟಿದ್ದರು. ಪೂರ್ವ ನೌಕಾಪಡೆಯ ಮುಖ್ಯಾಧಿಕಾರಿ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರು ಹೂಡಿದ ಉಪಾಯವು ಮುದ್ರಾರಾಕ್ಷಸದ ಚಾಣಕ್ಯನಿಗೆ ಮೆಚ್ಚಿಕೆಯಾಗುವಂಥದು. ‘ರಾಜಪುತ’ ಎಂಬ ಹಳೆಯ ಡೆಸ್ಟ್ರಾಯರ್ ಹಡಗು ವಿಕ್ರಾಂತದ ಸೋಗು ಹಾಕಿ, ದೊಡ್ಡ ಹಡಗಿನಿಂದ ಬರುವಷ್ಟು ನಿಸ್ತಂತು ವಾರ್ತೆಗಳನ್ನು ಎಡೆಬಿಡದೆ ಕಳುಹಿತು. ಪಟ್ಟಣದ ಪೇಟೆಯಲ್ಲಿ ವಿಕ್ರಾಂತದಂತಹ ಹಡಗಿಗೆ ಬೇಕಾಗುವಷ್ಟು ದಿನಸಿ ತರಕಾರಿಗಳನ್ನು ಕೇಳಿಸಿದರು. ಬೇಹುಗಾರರ ಕಿವಿಗೆ ಬೀಳಲೆಂದೇ ಈ ವ್ಯಾಪಾರ. ವಿಕ್ರಾಂತದ ನಾವಿಕನೊಬ್ಬನು ಕಾಯಿಲೆಯ ತಾಯಿಯ ಕ್ಷೇಮವನ್ನು ವಿಚಾರಿಸಿದಂತೆ ಒಂದು ತಂತಿಯನ್ನೂ ಹುಟ್ಟಿಸಿದರು. ಮಹಾಯುದ್ಧಗಳಲ್ಲಿ ಫಿರಂಗಿಯಷ್ಟೇ ಕೆಲಸವನ್ನು ಒಂದು ಗೃಹಕೃತ್ಯದ ಮಾತೂ ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಚಿತ್ರದವರು ಇದನ್ನೇ ವಿಸ್ತರಿಸಿ ತೋರಿಸಿದ್ದರೆ ಇನ್ನೂ ಸ್ವಾರಸ್ಯವಾಗುತ್ತಿತ್ತೆಂದು ಅನ್ನಿಸುವುದು.

ಡಿಸೆಂಬರ್ 3ರ ರಾತ್ರಿ ಕಳೆದು 4 ಕಾಲಿಡುವ ಹೊತ್ತಿಗೆ ವಿಶಾಖಪಟ್ಟಣದ ಹೊರಗಡೆ ಕಡಲಲ್ಲಿ ಭಾರಿ ಸ್ಫೋಟವಾಯಿತು. ತೀರದ ಜನ ಬೆಚ್ಚಿಬಿದ್ದರು. ಗಾಜಿ ಮುಳುಗಿತ್ತು. ಅದರಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಬಂದರಿನಿಂದ ಹೊರಟ ರಾಜಪುತವು ನೀರಿನ ಕಲಕಾಟವನ್ನು ಕಂಡು ಎಸೆದ ಸಿಡಿಗುಂಡುಗಳಿಂದ ಅದು ನಾಶವಾಯಿತೆಂದು ನಮ್ಮವರ ಹೇಳಿಕೆ. ತಾನೇ ಹುದುಗಿಸಿದ ಗುಂಡಿಗೆ ತಾನೇ ಸಿಕ್ಕಿತೆಂದೋ, ಒಳಗೇ ಏನೋ ಸಿಡಿಯಿತೆಂದೋ ಪಾಕಿಸ್ತಾನದ ಕಡೆಯ ಹೇಳಿಕೆ. ಕಂಡವರು ಒಬ್ಬರೂ ಬದುಕಿಲ್ಲವಾದ್ದರಿಂದ ಪ್ರತ್ಯಕ್ಷ ಪ್ರಮಾಣವಿಲ್ಲ. ಉಳಿದಿರುವುದು ಅನುಮಾನ ಮಾತ್ರ. ಆದರೆ ಒಂದು ಸಂಗತಿ ನಿಸ್ಸಂಶಯ. ಚಿತ್ರದಲ್ಲಿ ತೋರಿಸಿದಂತೆ ಎರಡು ಜಲಾಂತರ್ಗಾಮಿಗಳು ಎದುರೆದುರು ಕಾದಾಡಿದ ಕಥೆ ಚರಿತ್ರೆಯ ಈ ಹೇಳಿಕೆಗಳಲ್ಲಿ ಯಾವುದರಲ್ಲಿಯೂ ಇಲ್ಲ. ಎಸ್-21 ಎಂಬ ಅಂಕವನ್ನು ಧರಿಸಿದ್ದ ನಿಜವಾದ ಹಡಗು ‘ಕರಂಜ್’. ಅದು ಆ ಯುದ್ಧದಲ್ಲಿ ಇದ್ದುದು ಪಶ್ಚಿಮದ ಕಡಲಿನಲ್ಲಿ. ಕಥೆಯು ಕಲ್ಪಿತವೆಂದು ಚಿತ್ರದ ಆದಿಯಲ್ಲಿಯೇ ಸೂಚನೆಯುಂಟು. ಆದರೆ ಅದನ್ನು ಓದುವವರಾರು?

ಇನ್ನೊಂದು ಸಂಗತಿಯನ್ನು ಚಿತ್ರವು ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಆದರೆ ಮನೆಯ ಹಿರಿಯರು ಹೇಳಲೇಬೇಕು. ಗಾಜಿ ಮುಳುಗಿದ ಐದಾರು ದಿನಗಳಲ್ಲಿ, ಡಿಸೆಂಬರ್ 9ರ ರಾತ್ರಿ, ದೀವ್ ತೀರದ ಹೊರಗೆ ‘ಹಂಗೋರ್’ ಎಂಬ ಮತ್ತೊಂದು ಪಾಕಿಸ್ತಾನಿ ಜಲಾಂತರ್ಗಾಮಿಯು ನಮ್ಮ ‘ಖುಕ್ರಿ’ ಎಂಬ ಯುದ್ಧನೌಕೆಯನ್ನು ಟಾರ್ಪೆಡೋವಿನಿಂದ ಮುಳುಗಿಸಿತು. 18 ಜನ ಅಧಿಕಾರಿಗಳೂ 176 ಜನ ನಾವಿಕರೂ ಮಡಿದರು. ನಾಯಕ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಟ್ಟು ಹೋಗಲು ಸಾಧ್ಯವಿದ್ದರೂ ಹೋಗದೆ, ಇತರರನ್ನು ಉಳಿಸಲು ಯತ್ನಿಸಿ, ಹಡಗಿನೊಡನೆಯೇ ಜಲಸಮಾಧಿಯಾದರು. ಮರಣಾನಂತರ ಅವರಿಗೆ ಮಹಾವೀರ ಚಕ್ರ ಸಂದಿತು. ಆ ಯುದ್ಧದಲ್ಲಿ ಜಲಾಂತರ್ಗಾಮಿಯ ಟಾರ್ಪೆಡೋವಿಗೆ ನಿಜವಾಗಿ ಬಲಿಯಾದದ್ದು ನಮ್ಮ ಹಡಗೇ. ಕಲ್ಪನೆಯ ಜಯಕ್ಕೆ ಕೈತಟ್ಟುವ ಮಕ್ಕಳಿಗೆ ನಿಜವಾದ ನಷ್ಟದ ಹೆಸರು ಗೊತ್ತಿಲ್ಲದೆ ಹೋದರೆ, ಆ 194 ಮಂದಿ ಎರಡನೆಯ ಸಲ ಮುಳುಗಿದಂತೆಯೇ ಸರಿ.

ಇಂತಹ ಚಿತ್ರಗಳಲ್ಲಿ ಶ್ರೇಷ್ಠವೆಂದು ಲೋಕವು ಒಪ್ಪಿರುವುದು ಜರ್ಮನಿಯ ‘ದಾಸ್ ಬೂಟ್’. ಬುಖ್‌ಹೈಮ್ ಎಂಬಾತನ ಕಾದಂಬರಿಯನ್ನು ಆಧರಿಸಿ ವುಲ್ಫ್‌ಗಾಂಗ್ ಪೀಟರ್ಸನ್ 1981ರಲ್ಲಿ ಇದನ್ನು ತೆಗೆದರು. ಹಿಟ್ಲರನ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000 ಮಂದಿ ಹಿಂದಿರುಗಲಿಲ್ಲವೆಂಬ ಲೆಕ್ಕದಿಂದಲೇ ಆ ಚಿತ್ರ ಪ್ರಾರಂಭವಾಗುವುದು. ಅದರಲ್ಲಿ ಸೋತ ಪಕ್ಷದವರು ತಮ್ಮ ಮಕ್ಕಳನ್ನು ನೆನೆದು ಅಳುವಂತೆ ಕಥೆ ಹೇಳಿರುವರು. ಯಾವ ಜಯಘೋಷವೂ ಇಲ್ಲ. ಗೆದ್ದವರು ಚಿತ್ರ ತೆಗೆಯುವ ರೀತಿಯೇ ಬೇರೆ, ಸೋತವರು ತೆಗೆಯುವ ರೀತಿಯೇ ಬೇರೆ. ‘ಗಾಜಿ’ಯಲ್ಲಿ ವೈರಿಯ ನಾಯಕನು ಕ್ರೂರನೆಂಬುದಷ್ಟೇ ಕಾಣುವುದು, ಅವನ ಹಡಗಿನ ನಾವಿಕರ ಮುಖಗಳು ಬಂದು ಬಂದು ಮಾಯವಾಗುವುವು. ನಮ್ಮವರಿಗೆ ಮನೆಯುಂಟು, ತಾಯಿಯುಂಟು, ಹಾಡುಂಟು. ಅವರಿಗೆ ಬರಿಯ ಆಜ್ಞೆಯುಂಟು. ಚಿತ್ರದ ದೊಡ್ಡ ಕೊರತೆ ಇದು. ರನ್ನನು ಹೀಗೆ ಮಾಡಲಿಲ್ಲ. ಅವನು ಹೊಗಳಬೇಕಾದ ನಾಯಕನು ಭೀಮನಾದರೂ, ಓದುಗರ ಕಣ್ಣಲ್ಲಿ ನೀರು ತರಿಸುವವನು ದುರ್ಯೋಧನ. ವೈರಿಯ ದುಃಖವನ್ನು ಕಾಣಿಸಿದ್ದರಿಂದ ಭೀಮನ ಗೆಲವು ಕುಂದಲಿಲ್ಲ; ಹಿರಿದಾಯಿತು.

ಹಾಗೆಂದು ಈ ಚಿತ್ರವನ್ನು ತಳ್ಳಿಹಾಕುವಂತಿಲ್ಲ. ಹಾಡುಕುಣಿತಗಳಿಲ್ಲದೆ, ಪ್ರಣಯಪ್ರಸಂಗವಿಲ್ಲದೆ, ಒಂದೇ ಇಕ್ಕಟ್ಟಾದ ಸ್ಥಳದಲ್ಲಿ ಅಷ್ಟು ಹೊತ್ತು ನೋಡುವವರ ಉಸಿರು ಹಿಡಿಸಿದ್ದು ಸಾಮಾನ್ಯ ಸಾಹಸವಲ್ಲ. ನಮ್ಮ ದೇಶದಲ್ಲಿ ಈ ಬಗೆಯ ಚಿತ್ರಕ್ಕೆ ಮೇಲ್ಪಂಕ್ತಿಯೇ ಇರಲಿಲ್ಲ. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ‘ಕುರ್ಸುರಾ’ ಎಂಬ ನಿಜವಾದ ಜಲಾಂತರ್ಗಾಮಿಯನ್ನು 2002ರಿಂದ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿರುವರು. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತವಾದ ಆ ಹಡಗಿನ ಉದ್ದ ಸುಮಾರು 91 ಮೀಟರ್. ಬೇಸಗೆಯ ರಜದಲ್ಲಿ ಆ ಕಡೆ ಯಾತ್ರೆ ಹೋಗುವ ಕುಟುಂಬದವರು ಸಿಂಹಾಚಲದ ದರ್ಶನದೊಡನೆ ಇದನ್ನೂ ನೋಡಿ ಬರಬಹುದು. ಅದರೊಳಗೆ ಬಾಗಿ ನಡೆದು, ಒಬ್ಬರೆದ್ದರೆ ಒಬ್ಬರು ಮಲಗುವ ಗೂಡಿನಂಥ ಹಾಸಿಗೆಗಳನ್ನು ಕಂಡ ಮಕ್ಕಳು ಯುದ್ಧವನ್ನು ಆಟವೆಂದು ಎಣಿಸಲಾರರು. ಅಷ್ಟು ದೂರ ಹೋಗಲಾಗದವರು ನಮ್ಮ ಕಾರವಾರಕ್ಕಾದರೂ ಹೋಗಬಹುದು. ಕದಂಬರ ಹೆಸರನ್ನು ಹೊತ್ತ ನೌಕಾನೆಲೆ 2005ರಲ್ಲಿ ಪ್ರಾರಂಭವಾದುದು ಅಲ್ಲಿಯೇ. ಅಲ್ಲಿನ ಕಡಲತೀರದಲ್ಲಿ ‘ಚಪಲ’ ಎಂಬ ನಿವೃತ್ತ ಯುದ್ಧನೌಕೆಯನ್ನು ಜನರು ನೋಡಲೆಂದು ಇರಿಸಿರುವರು.

ಮನೆಯಲ್ಲಿ ಇಂತಹ ಚಿತ್ರ ನೋಡುವ ಕ್ರಮವನ್ನು ಕುರಿತು ಎರಡು ಮಾತು. ಒಂದನೆಯದು, ಮುಗಿದ ಕೂಡಲೆ ಯಂತ್ರವನ್ನು ಆರಿಸಿ ಎದ್ದುಹೋಗದೆ, ಭೂಪಟವನ್ನು ತೆರೆದು ಕರಾಚಿಯಿಂದ ವಿಶಾಖಪಟ್ಟಣದವರೆಗೆ ಮಕ್ಕಳ ಬೆರಳನ್ನು ಕಡಲ ಮೇಲೆ ನಡೆಸಬೇಕು. ದೇಶವೆಷ್ಟು ದೊಡ್ಡದೆಂಬುದು ಆಗ ತಿಳಿಯುವುದು. ಎರಡನೆಯದು, ಕಥೆಯಲ್ಲಿ ಇದ್ದುದೆಷ್ಟು, ಕಟ್ಟಿದ್ದೆಷ್ಟು ಎಂದು ಅವರೊಡನೆ ಬಿಡಿಸಿ ನೋಡಬೇಕು. ಅಕ್ಕಿಯಿಂದ ಕಲ್ಲನ್ನು ಆರಿಸಿದರೆ ಅಕ್ಕಿಗೆ ನಷ್ಟವಿಲ್ಲ, ಹಲ್ಲಿಗೆ ಲಾಭ. ದೇಶಭಕ್ತಿಗೂ ಇದೇ ನ್ಯಾಯ. ಸುಳ್ಳಿನ ಆಸರೆಯ ಮೇಲೆ ನಿಂತ ಅಭಿಮಾನವು ಸತ್ಯ ತಿಳಿದ ದಿನ ಕುಸಿಯುವುದು. ಮುಲ್ಲಾ ಅವರಂತಹವರ ನಿಜವಾದ ಕಥೆಯ ಮೇಲೆ ನಿಂತ ಅಭಿಮಾನಕ್ಕೆ ಯಾವ ಭಯವೂ ಇಲ್ಲ.

2024ರ ಫೆಬ್ರುವರಿಯಲ್ಲಿ ಒಂದು ವಾರ್ತೆ ಬಂದಿತು. ನಮ್ಮ ನೌಕಾಪಡೆಯವರು ಆಳಸಮುದ್ರದ ರಕ್ಷಣಾಯಂತ್ರದ ಸಹಾಯದಿಂದ ವಿಶಾಖಪಟ್ಟಣದ ಹೊರಗೆ ಗಾಜಿಯ ಅವಶೇಷವನ್ನು ಗುರುತಿಸಿದರೆಂದೂ, ಆದರೆ ಅಲ್ಲಿ ಮಡಿದವರ ಗೌರವಾರ್ಥವಾಗಿ ಅದನ್ನು ಮುಟ್ಟಲಿಲ್ಲವೆಂದೂ ಪತ್ರಿಕೆಗಳು ಬರೆದುವು. ಕೊಲ್ಲಲು ಬಂದವರ ಸಮಾಧಿಯನ್ನು ಕದಡದೆ ಹಿಂದಿರುಗುವುದು ಕ್ಷಾತ್ರಧರ್ಮದ ಪರಮಾವಧಿ. ವೈರವು ಮರಣದೊಡನೆ ಮುಗಿಯಿತೆಂಬುದು ನಮ್ಮ ಪೂರ್ವಿಕರ ಮತ. ಗೆದ್ದ ಪಾಂಡವರ ಪಾಳೆಯದಲ್ಲಿಯೂ ಕುರುಕ್ಷೇತ್ರದ ಮರುದಿನ ತರ್ಪಣದ ನೀರು ಎಲ್ಲರಿಗೂ ಸಂದಿತಲ್ಲವೆ? ಚಿತ್ರದ ಜಯಘೋಷವನ್ನು ಕೇಳಿದ ನಮ್ಮ ಮಕ್ಕಳಿಗೆ ಈ ಮೌನವೂ ಕೇಳಿಸಲಿ.